ಡಬ್ಬದ ಮುಚ್ಚಳ, ಹತ್ತು ಸೆಂಟು, ಆರು ವಾರಗಳ ನಿರೀಕ್ಷೆ

ಗ್ರಾಹಕನಿಗೆ ಸರಕಿನೊಡನೆ ಕಿರುಕಾಣಿಕೆಯೊಂದನ್ನು ಕೊಡುವುದು ವ್ಯಾಪಾರದಲ್ಲಿ ಹೊಸದೇನೂ ಅಲ್ಲ. ತೂಗಿದ ಮೇಲೆ ಒಂದು ಹಿಡಿ ಹೆಚ್ಚು ಹಾಕುವ ಕೊಸರು ನಮ್ಮ ಸಂತೆಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಕಾಣಿಕೆಯನ್ನು ಅಂಗಡಿಯಲ್ಲಿ ಕೊಡದೆ, ಖಾಲಿ ಡಬ್ಬದ ಮುಚ್ಚಳವನ್ನು ಅಂಚೆಯ ಮೂಲಕ ತರಿಸಿಕೊಂಡು, ಹಲವು ವಾರಗಳ ನಂತರ ಅದನ್ನು ಗ್ರಾಹಕನ ಮನೆಗೆ, ಅದರಲ್ಲಿಯೂ ಮನೆಯ ಮಗುವಿನ ಹೆಸರಿಗೆ, ಕಳುಹಿಸಿಕೊಡುವ ಪದ್ಧತಿ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ದೊಡ್ಡ ವ್ಯವಸ್ಥೆಯಾಗಿಯೇ ಬೆಳೆಯಿತು. ಇಂದು ಅರವತ್ತು ದಾಟಿದ ಅಮೆರಿಕನ್ನರಲ್ಲಿ ಅನೇಕರ ಬಾಲ್ಯದ ನೆನಪುಗಳಲ್ಲಿ ಈ ಅಂಚೆ ಪೊಟ್ಟಣಕ್ಕೆ ಒಂದು ಸ್ಥಾನವಿದೆ. ಆ ನೆನಪುಗಳ ಹಿಂದೆ ಇದ್ದ ವ್ಯಾಪಾರಿ ಲೆಕ್ಕಾಚಾರವು ನಮ್ಮ ವರ್ತಕರು ಹಾಗೂ ಸಣ್ಣ ತಯಾರಕರು ಗಮನಿಸಬೇಕಾದ ವಿಷಯವಾಗಿದೆ.

ಪದ್ಧತಿ ಸರಳವಾದದ್ದು. ಬೆಳಗಿನ ಉಪಾಹಾರದ ಕಾರ್ನ್ ಫ್ಲೇಕ್ಸ್ ಅಥವಾ ಗೋಧಿಯ ಅರಳಿನ ರಟ್ಟಿನ ಡಬ್ಬದ ಹಿಂಬದಿಯಲ್ಲಿ ಆಟಿಕೆಯೊಂದರ ಚಿತ್ರವಿರುತ್ತಿತ್ತು. ಡಬ್ಬದ ಮೇಲ್ಮುಚ್ಚಳವನ್ನು ಕತ್ತರಿಸಿ, ಅದರೊಡನೆ ಹತ್ತು, ಹದಿನೈದು ಅಥವಾ ಇಪ್ಪತ್ತೈದು ಸೆಂಟಿನ ನಾಣ್ಯವನ್ನು ಕಾಗದಕ್ಕೆ ಅಂಟಿಸಿ, ತನ್ನ ಹೆಸರು ವಿಳಾಸಗಳನ್ನು ಬರೆದು ಮಗು ಲಕೋಟೆಯನ್ನು ಅಂಚೆಗೆ ಹಾಕಬೇಕು. ಆರರಿಂದ ಎಂಟು ವಾರ ಕಾಯಬೇಕೆಂದು ಡಬ್ಬದ ಮೇಲೆಯೇ ಅಚ್ಚಾಗಿರುತ್ತಿತ್ತು. ಎಂಟು ವರ್ಷದ ಮಗುವಿಗೆ ಎಂಟು ವಾರವೆಂದರೆ ಒಂದು ಯುಗ. ಒಳಗಿನ ತಿನಿಸು ಮುಗಿಯುವ ಮೊದಲೇ ಮುಚ್ಚಳ ಕತ್ತರಿಸಿ, ಉಳಿದದ್ದು ಮೆತ್ತಗಾಯಿತೆಂದು ತಾಯಿಯಿಂದ ಬೈಗುಳ ತಿನ್ನುವುದು, ಒಂದೇ ಮುಚ್ಚಳಕ್ಕೆ ಅಣ್ಣ ತಮ್ಮಂದಿರು ಜಗಳವಾಡುವುದು, ಶಾಲೆ ಬಿಟ್ಟೊಡನೆ ಓಡಿಬಂದು ಅಂಚೆಪೆಟ್ಟಿಗೆ ತೆರೆಯುವುದು, ಇವೆಲ್ಲ ಆ ದೇಶದ ಒಂದೆರಡು ತಲೆಮಾರುಗಳ ಸಾಮಾನ್ಯ ಅನುಭವಗಳು. ಬಹಳಷ್ಟು ಮಕ್ಕಳಿಗೆ ತಮ್ಮ ಹೆಸರಿನಲ್ಲಿ ಬಂದ ಮೊದಲ ಅಂಚೆ ಅದೇ ಆಗಿರುತ್ತಿತ್ತು.

ಇದರ ಆರಂಭವನ್ನು ಸಾಮಾನ್ಯವಾಗಿ 1909ಕ್ಕೆ ಒಯ್ಯುತ್ತಾರೆ. ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಪಟ್ಟಣದಲ್ಲಿ ಡಬ್ಲ್ಯು. ಕೆ. ಕೆಲಾಗ್ ಅವರು ಕಾರ್ನ್ ಫ್ಲೇಕ್ಸ್ ಕಂಪನಿ ಸ್ಥಾಪಿಸಿ ಆಗ ಮೂರು ವರ್ಷವಷ್ಟೇ ಆಗಿತ್ತು. ಪ್ರಾಣಿಗಳ ತಲೆ, ಮೈ, ಕಾಲುಗಳನ್ನು ಅದಲು ಬದಲು ಮಾಡಿ ನಗಬಹುದಾದ ಒಂದು ಚಿತ್ರಪುಸ್ತಕವನ್ನು ಅವರು ಹೊರತಂದರು. ಮೊದಲು ಎರಡು ಪೊಟ್ಟಣ ಕೊಂಡವರಿಗೆ ಅಂಗಡಿಯಲ್ಲಿಯೇ ಅದು ದೊರೆಯುತ್ತಿತ್ತು; ಅನಂತರ ಹತ್ತು ಸೆಂಟು ಕಳುಹಿಸಿದವರಿಗೆ ಅಂಚೆಯಲ್ಲಿ ಕಳುಹಿಸಲಾಯಿತು. ವಿವಿಧ ಆವೃತ್ತಿಗಳಲ್ಲಿ ಸುಮಾರು 25 ಲಕ್ಷ ಪ್ರತಿಗಳು ಹಂಚಿಕೆಯಾದವು. ಹಳ್ಳಿಯ ಮನೆ ಬಾಗಿಲಿಗೆ ಅಂಚೆ ತಲಪಿಸುವ ವ್ಯವಸ್ಥೆ ಅಮೆರಿಕದಲ್ಲಿ 1896ರಲ್ಲಿ ಆರಂಭವಾಗಿತ್ತು. 1913ರ ಜನವರಿ 1ರಿಂದ ಪಾರ್ಸಲ್ ಅಂಚೆಯೂ ಜಾರಿಗೆ ಬಂದಿತು. ಸರ್ಕಾರದ ಈ ಎರಡು ಸೌಕರ್ಯಗಳಿಲ್ಲದೆ ಇಡೀ ಉದ್ಯಮ ತಲೆಯೆತ್ತುತ್ತಿರಲಿಲ್ಲ ಎಂಬುದನ್ನು ಮರೆಯಲಾಗದು.

ಹುಲಿ, ಮೊಲ ಮತ್ತು ಕಡಲೆಕಾಯಿ ಸಾಹೇಬ

ಮಗುವಿಗೆ ಕಾರ್ಖಾನೆಯ ಪರಿಚಯವಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಡಬ್ಬದ ಮೇಲಿನ ಮುಖ. ಇಂತಹ ಚಿತ್ರಪಾತ್ರಗಳನ್ನು ವ್ಯಾಪಾರದ ಭಾಷೆಯಲ್ಲಿ ಮ್ಯಾಸ್ಕಾಟ್ ಎನ್ನುವರು. ಪ್ಲ್ಯಾಂಟರ್ಸ್ ಕಂಪನಿಯ ಕಡಲೆಕಾಯಿ ಸಾಹೇಬ, ಅಂದರೆ ಎತ್ತರದ ಟೋಪಿ, ಒಂಟಿ ಕನ್ನಡಕ, ಕೈಯಲ್ಲಿ ಕೋಲು ಹಿಡಿದ ಮಿಸ್ಟರ್ ಪೀನಟ್, ಹುಟ್ಟಿದ್ದು 1916ರಲ್ಲಿ. ವರ್ಜೀನಿಯಾದ ಸಫೋಕ್ ಪಟ್ಟಣದ ಆಂಟೋನಿಯೊ ಜೆಂಟೈಲ್ ಎಂಬ ಶಾಲಾ ಬಾಲಕ ಸ್ಪರ್ಧೆಗೆ ಬರೆದು ಕಳುಹಿಸಿದ ಚಿತ್ರ ಅದರ ಮೂಲ. ಅವನಿಗೆ ಬಂದ ಬಹುಮಾನ 5 ಡಾಲರ್. ಟೋಪಿ, ಕನ್ನಡಕಗಳನ್ನು ಅನಂತರ ವೃತ್ತಿಪರ ಕಲಾವಿದರು ಸೇರಿಸಿದರು. ಐದು ಡಾಲರಿಗೆ ನೂರು ವರ್ಷ ಮೀರಿ ಬಾಳಿದ ಗುರುತು ದೊರೆತದ್ದು ಬ್ರ್ಯಾಂಡುಗಳ ಇತಿಹಾಸದಲ್ಲಿ ಅಗ್ಗದ ಖರೀದಿಗಳಲ್ಲೊಂದೆನ್ನಬೇಕು. ಕಡಲೆಬೀಜದ ಖಾಲಿ ಹೊದಿಕೆ ಕಳುಹಿಸಿದವರಿಗೆ ಸಾಹೇಬನ ಆಕಾರದ ಲೋಟ, ಹಣದ ಹುಂಡಿ, ಬಣ್ಣ ತುಂಬುವ ಪುಸ್ತಕಗಳು ದಶಕಗಳ ಕಾಲ ಹೋದವು.

ಕೆಲಾಗ್ ಕಂಪನಿಯ ಟೋನಿ ಹುಲಿ 1952ರಲ್ಲಿ ಬಂದಿತು. ಜನರಲ್ ಮಿಲ್ಸ್ ಕಂಪನಿಯ ಟ್ರಿಕ್ಸ್ ಮೊಲ 1959ರಲ್ಲಿ. ಈ ಮೊಲಕ್ಕೆ ತನ್ನದೇ ಹೆಸರಿನ ತಿನಿಸು ಎಂದೂ ಸಿಗುವುದಿಲ್ಲ, ಮಕ್ಕಳು ಕಸಿದುಕೊಳ್ಳುತ್ತಾರೆ ಎಂಬುದೇ ಜಾಹೀರಾತಿನ ಕಥೆ. 1976ರಲ್ಲಿ, ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆದ ವರ್ಷವೇ, ಮೊಲಕ್ಕೆ ತಿನಿಸು ಕೊಡಬೇಕೇ ಬೇಡವೇ ಎಂದು ಮಕ್ಕಳಿಂದ ಅಂಚೆಯಲ್ಲಿ ಮತ ಪಡೆಯಲಾಯಿತು. ಕೊಡಬೇಕೆಂಬ ಪಕ್ಷವೇ ಭಾರಿ ಬಹುಮತದಿಂದ ಗೆದ್ದಿತು, ಮೊಲಕ್ಕೆ ಒಂದು ಬಟ್ಟಲು ಸಿಕ್ಕಿತು. ಸ್ಟಾರ್‌ಕಿಸ್ಟ್ ಮೀನು ಕಂಪನಿಯ ಚಾರ್ಲಿ ಎಂಬ ಟ್ಯೂನಾ ಮೀನು 1961ರಿಂದ ತನ್ನನ್ನು ಹಿಡಿಯಿರೆಂದು ಕಂಪನಿಗೆ ಅಂಗಲಾಚುತ್ತಲೇ ಇತ್ತು. ಅದರ ರೂಪದ ಮೇಜುದೀಪ, ಸ್ನಾನದ ಮನೆಯ ತೂಕದ ಯಂತ್ರಗಳು 1970ರ ದಶಕದಲ್ಲಿ ಲೇಬಲ್ ಮತ್ತು ಹಣ ಕಳುಹಿಸಿದ ಮನೆಗಳಿಗೆ ತಲಪಿದವು.

ಕೊಡುಗೆಗಳಲ್ಲಿ ವಿಚಿತ್ರವಾದವುಗಳಿಗೂ ಕೊರತೆಯಿರಲಿಲ್ಲ. ಜನರಲ್ ಮಿಲ್ಸ್ 1947ರಲ್ಲಿ ಕಿಕ್ಸ್ ಎಂಬ ತಿನಿಸಿನ ಒಂದು ಮುಚ್ಚಳ ಹಾಗೂ 15 ಸೆಂಟಿಗೆ ‘ಅಣುಬಾಂಬ್ ಉಂಗುರ’ ಕಳುಹಿಸಿತು. ಕತ್ತಲೆಯಲ್ಲಿ ಕಣ್ಣಿಗೆ ಹಿಡಿದರೆ ಒಳಗೆ ಮಿಂಚುಗಳು ಕಾಣುತ್ತಿದ್ದವು. ಅದರಲ್ಲಿದ್ದುದು ಪೊಲೋನಿಯಂ-210 ಎಂಬ ವಿಕಿರಣ ಧಾತುವಿನ ಸೂಕ್ಷ್ಮಾಂಶ. ಇದರ ಅರ್ಧಾಯುಷ್ಯ 138 ದಿನ, ಅಂದರೆ ಪ್ರತಿ ನಾಲ್ಕೂವರೆ ತಿಂಗಳಿಗೆ ಮಿಂಚು ಅರ್ಧಕ್ಕಿಳಿಯುತ್ತದೆ. ಯಾವ ಸವಕಳಿ ಕೋಷ್ಟಕವೂ ಇಷ್ಟು ಕಟ್ಟುನಿಟ್ಟಾಗಿರಲಾರದು. ಹಾಗೆಯೇ 1950ರ ದಶಕದಲ್ಲಿ ಕೆಲಾಗ್ ಹಂಚಿದ, ಬೇಕಿಂಗ್ ಪೌಡರಿನ ಗುಳ್ಳೆಗಳಿಂದ ಮುಳುಗೇಳುವ ಪುಟ್ಟ ಜಲಾಂತರ್ಗಾಮಿ ನೌಕೆಗಳು ಬಹಳ ಹೆಸರು ಮಾಡಿದವು. ಬರಿಯ ಅಡುಗೆ ಸೋಡಾ ತುಂಬಿದರೆ ಅವು ಏಳುತ್ತಿರಲಿಲ್ಲ. ಬೇಕಿಂಗ್ ಪೌಡರ್ ಆಗಬೇಕಿತ್ತು.

ಪೊಟ್ಟಣ ಬಂದ ದಿನ ಎಲ್ಲ ಮಕ್ಕಳಿಗೂ ಸಂತೋಷವೇ ಆಗುತ್ತಿತ್ತೆಂದಲ್ಲ. ಓವಲ್ಟೀನ್ ಕಂಪನಿ ಪ್ರಾಯೋಜಿಸುತ್ತಿದ್ದ ‘ಲಿಟಲ್ ಆರ್ಫನ್ ಆ್ಯನಿ’ ಎಂಬ ರೇಡಿಯೊ ಧಾರಾವಾಹಿಯ ಕೊನೆಯಲ್ಲಿ ಅಂಕಿಗಳಲ್ಲಿ ಒಂದು ಗುಪ್ತ ಸಂದೇಶವನ್ನು ಓದುತ್ತಿದ್ದರು. ಅದನ್ನು ಬಿಡಿಸುವ ಸಂಕೇತ ಬಿಲ್ಲೆಯನ್ನು, ಡಬ್ಬದ ಮುಚ್ಚಳದಡಿಯ ಹೊಳೆಯುವ ತಗಡಿನ ಮುದ್ರೆ ಕಳುಹಿಸಿದ ಮಕ್ಕಳಿಗೆ 1935ರಿಂದ 1940ರವರೆಗೆ ನೀಡಲಾಯಿತು. 1983ರಲ್ಲಿ ತೆರೆಕಂಡ ‘ಎ ಕ್ರಿಸ್‌ಮಸ್ ಸ್ಟೋರಿ’ ಎಂಬ ಚಲನಚಿತ್ರದಲ್ಲಿ ಬಾಲಕನೊಬ್ಬ ವಾರಗಟ್ಟಲೆ ಈ ಬಿಲ್ಲೆಗಾಗಿ ಕಾಯುತ್ತಾನೆ. ಬಂದ ದಿನ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಸಂದೇಶ ಬಿಡಿಸಿದರೆ ಅದು ಮತ್ತಷ್ಟು ಓವಲ್ಟೀನ್ ಕುಡಿಯಿರೆಂಬ ಜಾಹೀರಾತಾಗಿರುತ್ತದೆ. ಕರಾರಿನ ಪ್ರಕಾರ ಕಂಪನಿ ಕೊಡಬೇಕಾದ್ದನ್ನು ಕೊಟ್ಟಿತ್ತು. ಆದರೂ ಆ ಹುಡುಗನ ಮುಖ ಕಂಡ ಪ್ರೇಕ್ಷಕರಿಗೆ ಯಾರ ಪರ ನಿಲ್ಲಬೇಕೆಂಬ ಬಗ್ಗೆ ಸಂದೇಹ ಬಾರದು. ಮಗು ಡಬ್ಬದ ಹಿಂಬದಿಯನ್ನು ಜಾಹೀರಾತೆಂದು ಓದುವುದಿಲ್ಲ, ಮಾತೆಂದು ಓದುತ್ತದೆ. ಈ ವ್ಯಾಪಾರದಲ್ಲಿ ಅಡಗಿದ್ದ ಲಾಭವೂ ಅಪಾಯವೂ ಅದೇ.

ಒಂದು ಚದರ ಅಂಗುಲದ ಜಮೀನು

ಮಾತು ಕೊಡುವುದು ಸುಲಭ, ಅದನ್ನು ವರ್ಷಗಟ್ಟಲೆ ಹೊತ್ತು ತಿರುಗುವುದು ಕಷ್ಟ ಎಂಬುದಕ್ಕೆ ಕ್ವೇಕರ್ ಓಟ್ಸ್ ಕಂಪನಿಯ 1955ರ ಯೋಜನೆಗಿಂತ ಉತ್ತಮ ನಿದರ್ಶನ ಸಿಗಲಾರದು. ಕೆನಡಾದ ಉತ್ತರ ತುದಿಯ ಯೂಕಾನ್ ಪ್ರದೇಶದ ಪೊಲೀಸ್ ಅಧಿಕಾರಿ ಸಾರ್ಜೆಂಟ್ ಪ್ರೆಸ್ಟನ್ ಆಗ ಮಕ್ಕಳ ಮೆಚ್ಚಿನ ಧಾರಾವಾಹಿ ನಾಯಕ, ಪ್ರಾಯೋಜಕರು ಕ್ವೇಕರ್. ಜಾಹೀರಾತು ವೃತ್ತಿಯ ಬ್ರೂಸ್ ಬೇಕರ್ ಎಂಬವರಿಗೆ ಹೊಳೆದ ಉಪಾಯವೆಂದರೆ, ಚಿನ್ನದ ಗಣಿಗಳಿಗೆ ಹೆಸರಾದ ಆ ನಾಡಿನಲ್ಲಿ ಪ್ರತಿ ಮಗುವಿಗೂ ಒಂದು ಚದರ ಅಂಗುಲ ಜಮೀನು ಕೊಡುವುದು!

ಡಾಸನ್ ಪಟ್ಟಣದ ಬಳಿ 19.11 ಎಕರೆ ಭೂಮಿ ಖರೀದಿಯಾಯಿತು. ‘ಕ್ಲಾಂಡೈಕ್ ಬಿಗ್ ಇಂಚ್ ಲ್ಯಾಂಡ್ ಕಂಪನಿ’ ಎಂಬ ಪ್ರತ್ಯೇಕ ಸಂಸ್ಥೆ ನೋಂದಣಿಯಾಯಿತು. 2 ಕೋಟಿ 10 ಲಕ್ಷ ಹಕ್ಕುಪತ್ರಗಳು, ಕ್ರಮಸಂಖ್ಯೆ ಮತ್ತು ಬಂಗಾರದ ಬಣ್ಣದ ಮುದ್ರೆಯ ಸಮೇತ, ಅಚ್ಚಾಗಿ ಕ್ವೇಕರ್ ಅರಳಿನ ಪೊಟ್ಟಣಗಳೊಳಗೆ ಹೋದವು. ಜೊತೆಗೆ 25 ಸೆಂಟು ಅಂಚೆಯಲ್ಲಿ ಕಳುಹಿಸಿದವರಿಗೆ ಯೂಕಾನಿನ ಮಣ್ಣು ತುಂಬಿದ ಒಂದು ಪುಟ್ಟ ಚೀಲವೂ ದೊರೆಯುತ್ತಿತ್ತು. ಲೆಕ್ಕ ಹಾಕಿದರೆ 2.1 ಕೋಟಿ ಚದರ ಅಂಗುಲಕ್ಕೆ ಬೇಕಾಗುವುದು ಮೂರೂವರೆ ಎಕರೆಗಿಂತ ಕಡಿಮೆ; ಭೂಮಿಯ ವಿಷಯದಲ್ಲಿ ಕಂಪನಿ ಕೈಬಿಗಿ ಹಿಡಿದಿರಲಿಲ್ಲ. ಬಿಗಿ ಹಿಡಿದದ್ದು ಕಾಗದದಲ್ಲಿ. ಖನಿಜದ ಹಕ್ಕು ಕೊಟ್ಟಿರಲಿಲ್ಲ. ವೆಚ್ಚವಾಗುತ್ತದೆಂಬ ಕಾರಣಕ್ಕೆ ಒಂದು ಹಕ್ಕುಪತ್ರವನ್ನೂ ನೋಂದಾಯಿಸಿರಲಿಲ್ಲ.

ಮಾರಾಟ ಅದ್ಭುತವಾಗಿ ನಡೆಯಿತು, ಪೊಟ್ಟಣಗಳು ಅಂಗಡಿಗಳಿಂದ ಮಾಯವಾದವು. ಮುಂದಿನ ಭಾಗ ಅಷ್ಟು ಸುಖದ್ದಲ್ಲ. ಭೂಮಿಗೆ ತೆರಿಗೆ ಬಾಕಿ ಬಿದ್ದಿತು, ಮೊತ್ತ 37 ಡಾಲರ್ 20 ಸೆಂಟ್. ಆ ಚಿಲ್ಲರೆ ಬಾಕಿಗಾಗಿ 1965ರಲ್ಲಿ ಭೂಮಿ ಕೆನಡಾ ಸರ್ಕಾರಕ್ಕೆ ಮರಳಿತು. ಮರುವರ್ಷ ಲ್ಯಾಂಡ್ ಕಂಪನಿಯೂ ವಿಸರ್ಜನೆಯಾಯಿತು. ಆದರೆ ಹಕ್ಕುಪತ್ರಗಳು ಸಾವಿರಾರು ಮನೆಗಳ ಬೀರು, ಟ್ರಂಕುಗಳಲ್ಲಿ ಭದ್ರವಾಗಿದ್ದವು. ಮಕ್ಕಳು ಬೆಳೆದು ದೊಡ್ಡವರಾದರು, ಕೆಲವರು ತೀರಿಹೋದರು, ಅವರ ಆಸ್ತಿ ಹಂಚುವ ವಕೀಲರು ತಮ್ಮ ಕಕ್ಷಿದಾರರ ಯೂಕಾನ್ ಜಮೀನಿನ ಬೆಲೆಯೆಷ್ಟೆಂದು ವಿಚಾರಿಸಿ ಪತ್ರ ಬರೆದರು. ಒಬ್ಬರು 10,800 ಹಕ್ಕುಪತ್ರ ಕೂಡಿಹಾಕಿ, ಎಲ್ಲವನ್ನೂ ಸೇರಿಸಿ 75 ಚದರ ಅಡಿಯ ಒಂದೇ ನಿವೇಶನ ಕೊಡಿರೆಂದು ಕೇಳಿದರಂತೆ. ಬಾಲಕನೊಬ್ಬ ನಾಲ್ಕು ಹಲ್ಲುಕಡ್ಡಿ ಮತ್ತು ದಾರ ಕಳುಹಿಸಿ ತನ್ನ ಅಂಗುಲಕ್ಕೆ ಬೇಲಿ ಹಾಕಿಸಿಕೊಡಿರೆಂದು ಬೇಡಿಕೊಂಡನಂತೆ. ಯೋಜನೆ ಮುಗಿದು ದಶಕಗಳ ನಂತರವೂ ಕ್ವೇಕರ್ ಕಂಪನಿಗೂ ಯೂಕಾನಿನ ಭೂ ಕಚೇರಿಗೂ ಇಂತಹ ಪತ್ರಗಳು ಬರುತ್ತಲೇ ಇದ್ದವು. ಉತ್ತರಿಸುವ ಗುಮಾಸ್ತರ ಸಂಬಳವನ್ನು 1955ರ ಜಾಹೀರಾತು ವೆಚ್ಚದಲ್ಲಿ ಯಾರೂ ಸೇರಿಸಿರಲಿಲ್ಲ.

ದೊಡ್ಡವರೂ ಇಂತಹ ಮಾತುಗಳನ್ನು ಅಕ್ಷರಶಃ ಹಿಡಿಯಬಲ್ಲರು. ಪೆಪ್ಸಿ ಕಂಪನಿ 1996ರಲ್ಲಿ ಲೇಬಲ್ ಅಂಕಗಳ ಯೋಜನೆ ನಡೆಸಿತು. 70 ಲಕ್ಷ ಅಂಕಕ್ಕೆ ಹ್ಯಾರಿಯರ್ ಯುದ್ಧವಿಮಾನವೆಂದು ದೂರದರ್ಶನ ಜಾಹೀರಾತಿನಲ್ಲಿ ತಮಾಷೆಗೆ ತೋರಿಸಿತು. ಕಡಿಮೆಬಿದ್ದ ಅಂಕಗಳನ್ನು ತಲಾ ಹತ್ತು ಸೆಂಟಿಗೆ ಕೊಳ್ಳಲು ನಿಯಮದಲ್ಲಿ ಅವಕಾಶವಿತ್ತು. ಜಾನ್ ಲಿಯೊನಾರ್ಡ್ ಎಂಬ ಯುವಕ 15 ಲೇಬಲ್ ಮತ್ತು 7,00,008 ಡಾಲರ್ 50 ಸೆಂಟಿನ ಚೆಕ್ ಕಳುಹಿಸಿ ವಿಮಾನ ಕೇಳಿದ. ಇದು ಗಂಭೀರ ಪ್ರಸ್ತಾಪವಲ್ಲವೆಂದು 1999ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಕಂಪನಿ ಗೆದ್ದಿತು, ಆದರೆ ತಮಾಷೆಗೆ ವಕೀಲರ ಶುಲ್ಕ ತೆತ್ತ ಮೇಲೆ.

ಬಾರದ ಮುಚ್ಚಳಗಳ ಲೆಕ್ಕ

ಇಷ್ಟಾದರೂ ಆಹಾರ ಕಂಪನಿಗಳು ಈ ಪದ್ಧತಿಯನ್ನು ಇಷ್ಟು ಕಾಲ ಏಕೆ ಬಿಡಲಿಲ್ಲ? ಉತ್ತರ ಅಂಕಿಗಳಲ್ಲಿದೆ. ಡಬ್ಬದೊಳಗೆ ಆಟಿಕೆ ಹಾಕಿದರೆ ಪ್ರತಿ ಡಬ್ಬಕ್ಕೂ ವೆಚ್ಚ ತಗಲುತ್ತದೆ. ಅಂಚೆಯ ಕೊಡುಗೆಯಾದರೆ ಬೇಕೆಂದವರಿಗೆ ಮಾತ್ರ ಕೊಟ್ಟರಾಯಿತು. ಮಗು ಕಳುಹಿಸುವ ನಾಣ್ಯವೇ ಆಟಿಕೆಯ ಸಗಟು ಬೆಲೆಯ ಬಹುಭಾಗವನ್ನು ತೀರಿಸುತ್ತದೆ. ತನ್ನ ವೆಚ್ಚವನ್ನು ತಾನೇ ತೀರಿಸಿಕೊಳ್ಳುವ ಇಂತಹ ಕೊಡುಗೆ ಹಲವು ಬಾರಿ ಕಂಪನಿಗೆ ಹೊರೆಯೇ ಆಗುತ್ತಿರಲಿಲ್ಲ. ಆರರಿಂದ ಎಂಟು ವಾರಗಳ ಅವಧಿಯಲ್ಲಿ ಬೇಡಿಕೆ ಎಷ್ಟೆಂದು ನೋಡಿ ದಾಸ್ತಾನು ತರಿಸಬಹುದಿತ್ತು. ಇವೆಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳ ಕೂಡಿಹಾಕಿಯೂ ಕಳುಹಿಸಲು ಮರೆತವರ ಸಂಖ್ಯೆ. ಆಸೆಯಿಂದ ಸರಕು ಕೊಳ್ಳುವವರು ಹಲವರು, ಲಕೋಟೆ ಬರೆದು ಅಂಚೆಗೆ ಹಾಕುವವರು ಕೆಲವರು. ಈ ಎರಡರ ನಡುವಿನ ಅಂತರವೇ ಯೋಜನೆಯ ಲಾಭ.

ಆದರೆ ಇನ್ನೂ ಬಾರದ ಮುಚ್ಚಳವನ್ನು ಎಂದೂ ಬಾರದ ಮುಚ್ಚಳವೆಂದು ತಿಳಿಯುವುದು ತಪ್ಪು ಲೆಕ್ಕ. ಜನರಲ್ ಮಿಲ್ಸ್ ತನ್ನ ಬೆಟ್ಟಿ ಕ್ರಾಕರ್ ಹೆಸರಿನ ಚಮಚ, ಪಾತ್ರೆಗಳ ಕೂಪನ್ ಯೋಜನೆಯನ್ನು 1930ರ ದಶಕದ ಆರಂಭದಿಂದ 2006ರವರೆಗೆ ನಡೆಸಿತು. ಅಜ್ಜಿ ಕತ್ತರಿಸಿಟ್ಟ ಕೂಪನನ್ನು ಮೊಮ್ಮಗಳು ತಂದುಕೊಡಬಹುದಾದ ಅವಧಿ ಅದು. ಅದೇ ಕಂಪನಿ 1996ರಲ್ಲಿ ಶಾಲೆಗಳಿಗೆ ನೆರವಾಗಲೆಂದು ಆರಂಭಿಸಿದ, ಮುಚ್ಚಳವೊಂದಕ್ಕೆ ಹತ್ತು ಸೆಂಟಿನ ಯೋಜನೆಯಲ್ಲಿ ಕತ್ತರಿಯ ಕೆಲಸ 2019ರಿಂದ ಫೋನಿನಲ್ಲಿ ರಸೀದಿ ತೋರಿಸುವುದಾಗಿ ಬದಲಾಯಿತು.

ನಮ್ಮಲ್ಲಿ ಮ್ಯಾಗಿ ನೂಡಲ್ಸ್ 1980ರ ದಶಕದಲ್ಲಿ ಖಾಲಿ ಹೊದಿಕೆ ಹಿಂದಿರುಗಿಸಿದ ಮಕ್ಕಳಿಗೆ ಉಡುಗೊರೆ ಕೊಟ್ಟಿತು. 1999ರ ಕ್ರಿಕೆಟ್ ವಿಶ್ವಕಪ್ ವೇಳೆ ಬ್ರಿಟಾನಿಯ ಬಿಸ್ಕತ್ತಿನ ಹೊದಿಕೆಯ ಮೇಲೆ ರನ್ನುಗಳನ್ನು ಅಚ್ಚು ಹಾಕಿದಾಗ ಮಕ್ಕಳು ಬೀದಿ ಬದಿಯ ಹೊದಿಕೆಗಳನ್ನೂ ಆರಿಸಿದ್ದುಂಟು. ನಮ್ಮ ಇಂತಹ ಯೋಜನೆಗಳಲ್ಲಿ ಅಂಚೆಗಿಂತ ಅಂಗಡಿಯ ಗಲ್ಲಾಪೆಟ್ಟಿಗೆಯೇ ಹೆಚ್ಚಾಗಿ ವಿನಿಮಯ ಕೇಂದ್ರವಾಗಿರುವುದರಿಂದ, ಕೊಡುಗೆ ಬಾರದಿದ್ದಲ್ಲಿ ಮಗುವಿನ ಮುಖ ನೋಡಬೇಕಾದವರು ತಯಾರಕರಲ್ಲ, ಚಿಲ್ಲರೆ ವರ್ತಕರು.

ಕಾನೂನು ಈ ಮಾತನ್ನು ಗಂಭೀರವಾಗಿಯೇ ಪರಿಗಣಿಸಿದೆ. ಘೋಷಿಸಿದಂತೆ ಕೊಡುವ ಉದ್ದೇಶವಿಲ್ಲದೆ ಉಡುಗೊರೆಯ ಆಸೆ ತೋರಿಸುವುದನ್ನೂ, ಬೆಲೆಯಲ್ಲಿಯೇ ವಸೂಲು ಮಾಡಿದ್ದನ್ನು ಉಚಿತವೆಂಬಂತೆ ಬಿಂಬಿಸುವುದನ್ನೂ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯ್ದೆಯ 1984ರ ತಿದ್ದುಪಡಿಯೇ ಅನುಚಿತ ವ್ಯಾಪಾರ ಪದ್ಧತಿ ಎಂದಿತ್ತು. ಆ ಕಾಯ್ದೆ ಈಗಿಲ್ಲ. ಆದರೆ ಅದೇ ನಿಯಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47)ರಲ್ಲಿ ಮುಂದುವರಿದಿದೆ. 2022ರ ಜೂನ್ 9ರ ಕೇಂದ್ರ ಮಾರ್ಗಸೂಚಿಗಳ ಪ್ರಕಾರ, ಪ್ರತಿಕ್ರಿಯಿಸಲು ಮತ್ತು ವಸ್ತುವನ್ನು ತರಿಸಿಕೊಳ್ಳಲು ತಗಲುವ ಅನಿವಾರ್ಯ ವೆಚ್ಚದ ಹೊರತು ಬೇರೇನನ್ನಾದರೂ ಪಡೆದರೆ ಅದನ್ನು ಉಚಿತವೆನ್ನುವಂತಿಲ್ಲ. ಅಗತ್ಯವಿಲ್ಲದೆಯೂ ಸರಕು ಕೊಳ್ಳುವಂತೆ ಮಕ್ಕಳನ್ನು ಉಡುಗೊರೆಯಿಂದ ಪ್ರೇರೇಪಿಸುವ ಜಾಹೀರಾತುಗಳನ್ನು ನಿರುತ್ತೇಜಿಸಬೇಕೆಂದೂ ಅವು ಹೇಳುತ್ತವೆ. ಹುಲಿ ಮೊಲಗಳ ಕಾಲದ ಡಬ್ಬದ ಹಿಂಬದಿಯನ್ನು ಇಂದು ನಮ್ಮಲ್ಲಿ ಹಾಗೆಯೇ ಅಚ್ಚು ಹಾಕಹೊರಡುವವರು ಮೊದಲು ಈ ಮಾರ್ಗಸೂಚಿಯನ್ನು ಓದುವುದು ಲೇಸು.

ಇನ್ನು ಲೆಕ್ಕಪುಸ್ತಕದ ಮಾತು. ಹಪ್ಪಳ ತಯಾರಕರೊಬ್ಬರು 1,00,000 ಪೊಟ್ಟಣ ಮಾರಿ, ಹತ್ತು ಹೊದಿಕೆ ಮತ್ತು 20 ರೂಪಾಯಿ ಕಳುಹಿಸಿದವರಿಗೆ ಒಂದು ಸ್ಟೀಲ್ ಡಬ್ಬಿ ಕೊಡುವುದಾಗಿ ಘೋಷಿಸಿದರೆನ್ನೋಣ. ಡಬ್ಬಿಗೆ 40 ರೂ., ಕೊರಿಯರಿಗೆ 30 ರೂ. ಗ್ರಾಹಕರಿಂದ ಬರುವ 20 ರೂ. ಕಳೆದರೆ ತಯಾರಕರ ಹೊರೆ ಡಬ್ಬಿಯೊಂದಕ್ಕೆ 50 ರೂ. ಶೇಕಡ 60ರಷ್ಟು ಹೊದಿಕೆಗಳು ಮರಳುವುವೆಂದು ಅಂದಾಜಿಸಿದರೆ 6,000 ಡಬ್ಬಿ, 3 ಲಕ್ಷ ರೂ., ಅಂದರೆ ಪೊಟ್ಟಣಕ್ಕೆ 3 ರೂ. ಮಾರ್ಚ್ 31ರೊಳಗೆ ಬಂದದ್ದು 20,000 ಹೊದಿಕೆ ಮಾತ್ರ ಎಂದಾದರೆ 1 ಲಕ್ಷ ರೂ. ಖರ್ಚಾಗಿರುತ್ತದೆ. ಉಳಿದ 2 ಲಕ್ಷ ರೂ. ಲಾಭವಲ್ಲ, ಅದು ಋಣ. ಪೊಟ್ಟಣ ಮಾರಿದ ವರ್ಷದಲ್ಲಿಯೇ ಅದಕ್ಕೆ ಅವಕಾಶ ಕಲ್ಪಿಸಬೇಕೆಂಬುದು ಲೆಕ್ಕಪತ್ರ ಮಾನಕ 29ರ ಆಶಯ. ಅನೇಕ ಸಣ್ಣ ಸಂಸ್ಥೆಗಳು ಡಬ್ಬಿ ಕಳುಹಿಸಿದಾಗ ಮಾತ್ರ ವೆಚ್ಚ ಬರೆಯುವುದರಿಂದ, ಮೊದಲ ವರ್ಷ ಯೋಜನೆ ಭರ್ಜರಿಯಾಗಿ ಗೆದ್ದಂತೆಯೂ ಎರಡನೆಯ ವರ್ಷ ವ್ಯಾಪಾರ ಕುಸಿದಂತೆಯೂ ಕಾಣುತ್ತದೆ. ಎರಡೂ ನಿಜವಲ್ಲ.

ಸರಕು ಸೇವಾ ತೆರಿಗೆಯಲ್ಲಿ ಇನ್ನೊಂದು ತೊಡಕಿದೆ. ಉಡುಗೊರೆಯಾಗಿ ಕೊಟ್ಟ ವಸ್ತುವಿನ ಖರೀದಿಗೆ ತೆತ್ತ ತೆರಿಗೆಯ ಹುಟ್ಟುವಳಿ ಜಮೆಯನ್ನು ಕಲಂ 17(5)(ಎಚ್) ತಡೆಯುತ್ತದೆ. ಒಂದು ಕೊಂಡರೆ ಒಂದು ಉಚಿತ ಎಂಬಂತಹ ಮಾರಾಟವಾದರೆ ಅದು ಒಂದೇ ಬೆಲೆಗೆ ಎರಡು ವಸ್ತುಗಳ ಪೂರೈಕೆ, ಜಮೆ ಲಭ್ಯ ಎಂದು 2019ರ ಮಾರ್ಚ್ 7ರ 92ನೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ಹೊದಿಕೆ ಕಳುಹಿಸಿ ಪಡೆಯುವ ಡಬ್ಬಿ ಈ ಎರಡರಲ್ಲಿ ಯಾವ ಸಾಲಿಗೆ ಸೇರುವುದೆಂಬುದು ಪೊಟ್ಟಣದ ಮೇಲೆ ಅಚ್ಚಾದ ಒಕ್ಕಣೆಯನ್ನು ಬಹುಮಟ್ಟಿಗೆ ಅವಲಂಬಿಸುತ್ತದೆ. ಆದ್ದರಿಂದ ಒಕ್ಕಣೆಯನ್ನು ಮುದ್ರಣಾಲಯಕ್ಕೆ ಕೊಡುವ ಮೊದಲು ತೆರಿಗೆ ಸಲಹೆಗಾರರಿಗೆ ತೋರಿಸುವುದು ಉಚಿತ.

ಆದಾಯ ತೆರಿಗೆಯಲ್ಲಿ ಮುಂಗಡವಾಗಿ ಕಲ್ಪಿಸಿದ ಅವಕಾಶಕ್ಕೆ ಮಾನ್ಯತೆ ಸಿಗುವುದೇ ಎಂಬ ಪ್ರಶ್ನೆಗೆ, ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ನೀಡಿದ ತೀರ್ಪು ದಾರಿ ತೋರುತ್ತದೆ. ಅದು ಯಂತ್ರಗಳ ವಾರಂಟಿಗೆ ಸಂಬಂಧಿಸಿದ್ದು; ಹಿಂದಿನ ವರ್ಷಗಳ ಅನುಭವದ ಆಧಾರದ ಮೇಲೆ ನಂಬಲರ್ಹ ಅಂದಾಜು ಮಾಡಿದ್ದರೆ ವಾರಂಟಿಯ ಅವಕಾಶವನ್ನು ವೆಚ್ಚವೆಂದು ಒಪ್ಪಬಹುದೆಂದು ನ್ಯಾಯಾಲಯ ಹೇಳಿತು. ಅನುಭವವೆಂದರೆ ಇಲ್ಲಿ ಬರಹದಲ್ಲಿರುವ ಅನುಭವ. ಬಂದ ಹೊದಿಕೆಗಳನ್ನು ಎಣಿಸದೆ ಗೋಣಿಚೀಲದಲ್ಲಿ ತುಂಬಿ ಗುಜರಿಗೆ ಹಾಕುವ ಸಂಸ್ಥೆಯ ಬಳಿ ಶೇಕಡ 60 ಎಂಬುದಕ್ಕೆ ಯಾವ ಆಧಾರವೂ ಉಳಿಯುವುದಿಲ್ಲ. ಯಾವ ತಿಂಗಳ ತಯಾರಿಕೆಯ ಪೊಟ್ಟಣ, ಯಾವ ಊರಿನಿಂದ, ಯಾವ ದಿನ ಬಂದಿತು, ಡಬ್ಬಿ ಯಾವ ದಿನ ಹೋಯಿತು, ಇಷ್ಟನ್ನು ಬರೆದಿಡಲು ಇನ್ನೂರು ಪುಟದ ಒಂದು ನೋಟುಬುಕ್ಕು ಸಾಕು.